ತಂಗಿಯ ಕಾಯಿಲೆಗೆ ಅವರು ಇಟ್ಟ ಹೆಸರು

ತಂಗಿಗೆ ಹುಚ್ಚು ಎಂದು ಮೊದಲು ಹೇಳಿದ್ದು ಯಾರು ಎಂದು ಈಗ ಕೇಳಿದರೆ ಯಾರೂ ಒಪ್ಪುವುದಿಲ್ಲ. ಆಗ ಮಾತ್ರ ಅವಳ ಗಂಡನ ಊರಾದ ಬೀಜಾಡಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ಅವಳು ತಲ್ಲೂರಿನಲ್ಲಿ ಮೀನು ಮಾರುತ್ತಿದ್ದಳು. ಚೌಕಾಸಿಯಲ್ಲಿ ಅವಳನ್ನು ಗೆದ್ದು ಹೋದ ಗಿರಾಕಿ ಇಲ್ಲ. ಅಂಥವಳು ಜ್ವರ, ತಲೆನೋವು ಎಂದು ವಾರ ಮಲಗಿ ಎದ್ದ ಮೇಲೆ ಬಂಗುಡೆ ಮೀನು ಕೇಳಿದವರಿಗೆ ಬೈಗೆ ಮೀನು ಕೊಡತೊಡಗಿದಳು. ನಿದ್ದೆ ಬಿಟ್ಟಳು. ಟಿವಿಯಲ್ಲಿ ತನ್ನ ಸುದ್ದಿಯೇ ಬರುತ್ತಿದೆ ಎಂದಳು. ಹೆತ್ತ ಮಗಳನ್ನು, ಇದು ನನ್ನದಲ್ಲ ಎಂದು ದೂಡಿದಳು.

ಅವಳ ಅತ್ತೆ ಗಾಳಿ ಸೋಕಿದೆ ಎಂದು ಯಾರನ್ನೋ ಕರೆಸಿದರು. ಅವನು ಮುಖಕ್ಕೆ ಹೊಗೆ ಹಾಕಿ ಬೆತ್ತದಲ್ಲಿ ಹೊಡೆದ. ತಂಗಿಯ ಗಂಡ ಬೋಟಿನಲ್ಲಿ ಮೀನಿಗೆ ಹೋಗಿದ್ದರು. ಸುದ್ದಿ ಕೇಳಿ ನಾನು ಹೆಮ್ಮಾಡಿಯಿಂದ ಓಡಿದಾಗ ತಂಗಿಯ ಎರಡೂ ಕೈಗಳನ್ನು ಕಿಟಕಿಯ ಸರಳಿಗೆ ಹಗ್ಗದಲ್ಲಿ ಬಿಗಿದಿದ್ದರು. ಮಣಿಕಟ್ಟಿನ ಚರ್ಮ ಸುಲಿದಿತ್ತು.

“ಕಟ್ಟದೆ ಎಂತ ಮಾಡೂದ್? ಮಗೂಗೆ ಎಂತಾರೂ ಮಾಡ್ರೆ?” ಎಂದರು ಅತ್ತೆ.

ನಾನು ಹಗ್ಗ ಕುಯ್ದು, ರಿಕ್ಷಾ ಹತ್ತಿಸಿ, ಕುಂದಾಪುರದ ಒಬ್ಬ ಡಾಕ್ಟರ ಬಳಿ ಕರೆದೊಯ್ದೆ. ಅವರು ಅವಳನ್ನು ಮುಟ್ಟಿಯೂ ನೋಡದೆ ಗಂಡ ಹೆಂಡತಿ ಚೆನ್ನಾಗಿದ್ದಾರಾ ಎಂದು ಕೇಳಿದರು. ಏನೂ ತಿನ್ನದಿದ್ದರೂ ಬಾಯಿ ಅಗಿಯುತ್ತಿರುತ್ತದೆ, ಒಂದು ಕೈ ತಾನಾಗಿ ಸೆಟೆದು ತಿರುಚುತ್ತದೆ, ಮೊದಲು ಜ್ವರ ಬಂದಿತ್ತು ಎಂದೆ. ಇಂಥ ನಾಟಕ ಬಹಳ ನೋಡಿದ್ದೇನೆ ಎಂದು ಅವರು ಮಾತ್ರೆ ಬರೆದರು. ನಾಟಕ! ಆ ಪದ ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ಮಾತ್ರೆ ನುಂಗಿ ಅವಳು ಕೊರಡಿನಂತಾದಳು. ನಮ್ಮ ಮನೆಯಲ್ಲಿ ಅಮ್ಮ ಗಂಜಿ ಉಣಿಸುತ್ತಿದ್ದಾಗಲೇ ಫಿಟ್ಸ್ ಬಂತು, ನಿಲ್ಲಲಿಲ್ಲ. ಆಂಬುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಒಯ್ದೆವು. ಅಲ್ಲಿನ ಡಾಕ್ಟರಮ್ಮ ನಾನು ಹೇಳಿದ್ದನ್ನು ಕೊನೆಯವರೆಗೂ ಕೇಳಿದರು. ಬೆನ್ನಿನಿಂದ ನೀರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ದಿನ ನಮ್ಮನ್ನು ಕೂರಿಸಿ ಹೇಳಿದರು: “ಇದು ಹುಚ್ಚಲ್ಲ. ರೋಗಾಣುಗಳ ಜೊತೆ ಹೋರಾಡಬೇಕಾದ ಮೈಯ ಶಕ್ತಿಯೇ ದಾರಿ ತಪ್ಪಿ ಇವರ ಮಿದುಳಿನ ಮೇಲೆ ಬಿದ್ದಿದೆ.” ಅಂಡಾಶಯದಲ್ಲೊಂದು ಸಣ್ಣ ಗಡ್ಡೆಯಿತ್ತು; ಅದರಿಂದಲೇ ಶುರುವಾಗಿರಬೇಕು, ಅದನ್ನು ತೆಗೆಯಬೇಕು, ಉರಿಯೂತ ತಗ್ಗಲು ಔಷಧಿ ಕೊಡಬೇಕು ಎಂದರು. ಬೇಗ ಬಂದಿದ್ದರೆ ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದೂ ಹೇಳಿದರು. ಅಮ್ಮ ದೇವರಿಗೆ ಕೈ ಮುಗಿದಳು. ನಾನು ಹೊರಗೆ ಬಂದು ಸಿಟ್ಟಿನಿಂದ ಅತ್ತುಬಿಟ್ಟೆ.

ಅವಳು ಮರಳಿ ಅಕ್ಕ ಎನ್ನಲು ತಿಂಗಳುಗಳೇ ಬೇಕಾದವು. ಆ ದಿನಗಳ ನೆನಪು ಅವಳಿಗೆ ಒಂಚೂರೂ ಇಲ್ಲ. ಮಣಿಕಟ್ಟಿನ ಕಲೆ ಎಂಥದ್ದು ಎಂದು ಕೇಳಿದಳು. ನಾನು ಏನನ್ನೂ ಮುಚ್ಚಿಡದೆ ಹೇಳಿದೆ.

ಅಷ್ಟರಲ್ಲಿ ಬೀಜಾಡಿಯಿಂದ ಮಾತು ಬಂತು: ಗುಣವಾದದ್ದು ಹರಕೆಯ ಫಲವಂತೆ, ಆದರೂ ಮಗುವನ್ನು ಅವಳ ಕೈಗೆ ಕೊಡುವುದಿಲ್ಲವಂತೆ. ಇಬ್ಬರೂ ಹೋದೆವು. ಜಗಳಕ್ಕೆ ನಾನು ಬಾಯಿ ತೆರೆಯುವಷ್ಟರಲ್ಲಿ ತಂಗಿ ನನ್ನ ತೋಳು ಹಿಡಿದಳು.

“ಅತ್ತೆ, ನಂಗ್ ಬಂದದ್ದ್ ಕಾಯಿಲೆ. ಜ್ವರ ಬಂದವ್ರನ್ನ ನೀವ್ ಕಟ್ಟಿ ಹಾಕ್ತ್ರ್ಯಾ?” ಎಂದಳು. ದನಿ ಏರಿಸಲಿಲ್ಲ.

ಅತ್ತೆ ಒಳಗೆ ಹೋದರು. ತಂಗಿಯ ಗಂಡ ಮಗುವಿನ ಬಟ್ಟೆ ಚೀಲಕ್ಕೆ ತುಂಬಿ, ಮಗುವನ್ನು ಎತ್ತಿಕೊಂಡು ನಮ್ಮ ಹಿಂದೆ ಬಂದರು. ಈಗ ಮೂವರೂ ತಲ್ಲೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಅವಳು ಮತ್ತೆ ಮೀನಿಗೆ ಕೂರುತ್ತಾಳೆ. ಒಮ್ಮೊಮ್ಮೆ ಮಾತು ತಡವರಿಸುತ್ತದೆ. ಅವಳ ಬೆನ್ನ ಹಿಂದೆ ತಲೆಯತ್ತ ಬೆರಳು ತಿರುಗಿಸಿ ನಗುವವರು ಇನ್ನೂ ಇದ್ದಾರೆ.

ಕುಂದಾಪುರದ ಆ ಡಾಕ್ಟರ ಬಳಿ ನಾನೊಬ್ಬಳೇ ಮತ್ತೊಮ್ಮೆ ಹೋಗಿ, ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಬರೆದುಕೊಟ್ಟ ಕಾಯಿಲೆಯ ಹೆಸರು ಹೇಳಿದೆ. ಅದು ಅಪರೂಪ, ಎಲ್ಲರಿಗೂ ಗೊತ್ತಾಗುವುದಿಲ್ಲ ಎಂದು ಅವರು ಮುಂದಿನವರನ್ನು ಕರೆದರು. ಅವರ ಮೇಜಿನ ಮೇಲಿದ್ದ ಚೀಟಿಯಲ್ಲಿ ಆ ಹೆಸರನ್ನು ಬರೆದಿಟ್ಟು, ಹೊರಗೆ ಬಂದು ಚಪ್ಪಲಿ ಮೆಟ್ಟಿದೆ.