ಪಾಕೀಟಿನ ಮಡಿಕೆಯ ಕೆಳಗಿನ ನಂಬರು

ಇವತ್ತು ಟ್ರಂಕಿನಲ್ಲಿ ಹಳೆಯ ಅಂಚೆ ಪಾಕೀಟೊಂದು ಸಿಕ್ಕಿತು. ಅದರ ಮೇಲೆಯೇ ಅಚ್ಚಾದ ಸ್ಟಾಂಪು ಕಂದು ಕಲೆಯಲ್ಲಿ ಮುಚ್ಚಿಹೋಗಿದೆ. ಆ ಕಲೆ ನನ್ನ ಅಪ್ಪನ ರಕ್ತ.

ಸದಲಗಾದ ನಮ್ಮ ಮನೆಯಲ್ಲಿ ಪಾಕೀಟು ಕೂಡಿಡುವ ಹುಚ್ಚು ನನಗೊಬ್ಬಳಿಗೇ. ಅಂಟು ಹಚ್ಚುವ ಮಡಿಕೆಯ ಕೆಳಗೆ, ಅದು ಅಚ್ಚಾದ ವರ್ಷ ಸಾಸಿವೆಯಷ್ಟು ಸಣ್ಣಗೆ ಇರುತ್ತಿತ್ತು. ಅದನ್ನು ಬಲ್ಲವಳೂ ನಾನೊಬ್ಬಳೇ ಅಂದುಕೊಂಡಿದ್ದೆ.

ಅಜ್ಜ ತೀರಿಕೊಂಡು ಮೂರು ವರ್ಷದ ಮೇಲೆ ಅಪ್ಪನ ತಮ್ಮ, ನನ್ನ ಕಾಕಾ, ಈ ಪಾಕೀಟು ತಂದ. ಒಳಗಿದ್ದದ್ದು, ದ್ರಾಕ್ಷಿ ತೋಟವೆಲ್ಲ ಕಾಕಾನಿಗೇ ಎಂದು ಅಜ್ಜ ಸಾಯುವ ಮೊದಲು ಬರೆದಿಟ್ಟ ಪತ್ರವಂತೆ. ಅಕ್ಷರ ಥೇಟ್ ಅಜ್ಜನದೇ. ಅಪ್ಪನ ಮುಖ ಬಾಡಿತು.

“ಹೋಗ್ಲಿ ಬಿಡೋ, ಅವಗ ಕೊಟ್ಟಬಿಡು,” ಅಂದಳು ಆಯಿ, ಅವರಿಬ್ಬರ ತಾಯಿ.

ನಾನು ಮಡಿಕೆ ಎತ್ತಿ ನೋಡಿ ಕೂಗಿದೆ: “ಅಪ್ಪಾ, ಈ ಪಾಕೀಟ ಅಜ್ಜ ಸತ್ತ ಮರುವರ್ಷದ್ದೈತಿ!”

ಅಪ್ಪ ಕಾಕಾನ ಎದೆಗೆ ಒದ್ದ. ಕಾಕಾ ಬಿದ್ದಲ್ಲಿಂದಲೇ ಗೋಡೆಗೆ ಒರಗಿಸಿದ್ದ ಕಬ್ಬು ಕಡಿಯುವ ಕೊಯ್ತಾ ಎತ್ತಿಕೊಂಡು, “ನಿನ್ನ ನಾಲಿಗಿ ಕತ್ತರಸ್ತೀನಿ ಬೇ!” ಎನ್ನುತ್ತ ನನ್ನ ಕಡೆ ಬೀಸಿದ. ಅಪ್ಪ ಕೈ ಅಡ್ಡ ತಂದ. ಅವನ ಎರಡು ಬೆರಳು ಚಹಾದ ಕಪ್ಪಿನ ಪಕ್ಕ ಬಿದ್ದವು.

ತೋಟ ನಮಗುಳಿಯಿತು. ಕಾಕಾ ಜೈಲಿಗೆ ಹೋದ. ಅವತ್ತು ನೆಲದ ರಕ್ತ ಒರೆಸುತ್ತ ಆಯಿ ನನ್ನ ಮುಖ ನೋಡದೆ ಹೇಳಿದ್ದಳು: “ಆ ನಂಬರ ನಾನೂ ನೋಡಿದ್ನಿ, ತಂಗಿ. ನೋಡೇ ಸುಮ್ಮನಿದ್ನಿ.”

ಈಗ ನನ್ನ ಮಗಳು ಬಗ್ಗಿ ಕೇಳುತ್ತಾಳೆ, “ಮಮ್ಮಿ, ಇಲ್ಲಿ ಸಣ್ಣಗೆ ಏನ ಬರದೈತಿ?”

“ಏನಿಲ್ಲ, ತಂಗಿ,” ಎಂದು ಮಡಿಕೆ ಮುಚ್ಚಿದೆ.