ಕೂತವರನ್ನು ಏಳಿಸಬೇಡಿ

ವಿನ್ನಿ ಆರ್ಮರಾಡ್‌ಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ನಮ್ಮೂರಿನವರು ಹೇಳುತ್ತಾರೆ. ಸುಳ್ಳು. ಮೂಗಿನ ತುದಿಯ ಸಿಟ್ಟು ಒಂದು ಸೀನಿಗೆ ಹಾರಿಹೋಗುತ್ತದೆ. ಅವಳದು ಬೂದಿ ಮುಚ್ಚಿದ ಕೆಂಡ. ಆಸ್ಪತ್ರೆಯ ಟೀ ಅಂಗಡಿಯಲ್ಲಿ ವರ್ಷಗಟ್ಟಲೆ ಅವಳ ಪಕ್ಕ ನಿಂತು ಕಪ್ಪು ತೊಳೆದವಳು ನಾನು. ಆ ಕೆಂಡದ ಬಿಸಿ ನನಗೆ ಗೊತ್ತು.

ನಾವು ಆಸ್ಪತ್ರೆ ಗೆಳೆಯರ ಬಳಗದವರು. ಸಂಬಳವಿಲ್ಲ, ಒಂದು ನೀಲಿ ಏಪ್ರನ್, ಎದೆಗೊಂದು ಬ್ಯಾಡ್ಜ್. ಟೀ ಮಾರುತ್ತೇವೆ, ವಾರ್ಡುಗಳಿಗೆ ಟೀ, ಬಿಸ್ಕೆಟ್ಟು, ಪೇಪರಿನ ಗಾಡಿ ತಳ್ಳುತ್ತೇವೆ, ಉಳಿದ ಕಾಸಿನಲ್ಲಿ ಆಸ್ಪತ್ರೆಗೆ ಏನಾದರೂ ಕೊಡಿಸುತ್ತೇವೆ. ನಮ್ಮಲ್ಲಿ ಹೆಚ್ಚಿನವರು ಮನೆಯಲ್ಲಿ ಹೊತ್ತು ಹೋಗದೆ ಬಂದವರು. ವಿನ್ನಿ ಹಾಗಲ್ಲ, ಸಿಟ್ಟಿನಿಂದ ಬಂದವಳು.

ಅವಳ ಗಂಡ ಕ್ಲಿಫರ್ಡ್ ಮಗ್ಗದ ಗಿರಣಿಯಲ್ಲಿ ರಿಪೇರಿ ಕೆಲಸದವನು. ಎದೆಯೊಳಗೆಲ್ಲ ಹತ್ತಿಯ ಧೂಳು ತುಂಬಿಕೊಂಡು ಇದೇ ಆಸ್ಪತ್ರೆಗೆ ಸೇರಿದ. ಅವನ ಕೊನೆಯ ದಿನ ವಿನ್ನಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೈ ಹಿಡಿದುಕೊಂಡಿದ್ದಳು. ರೋಗಿಗಳನ್ನು ನೋಡುವ ಹೊತ್ತು ಮುಗಿಯಿತು, ಇಲ್ಲಿ ಮಲಗಲು ಜಾಗವಿಲ್ಲ, ಬೆಳಿಗ್ಗೆ ಬನ್ನಿ ಎಂದು ನರ್ಸಮ್ಮ ಅವಳನ್ನು ಎಬ್ಬಿಸಿ ಕೊನೆಯ ಬಸ್ಸಿಗೆ ಕಳಿಸಿದಳು. ಬೆಳಿಗ್ಗೆ ಬಂದರೆ ಹಾಸಿಗೆ ಖಾಲಿ. ಪಕ್ಕದ ಹಾಸಿಗೆಯವನು ಪಾಪ, ಒಳ್ಳೆಯದಾಗಲಿ ಎಂದೇ ಬಾಯಿಬಿಟ್ಟ: "ವಿನ್ನಿ ಎಲ್ಲಿ, ವಿನ್ನಿ ಎಲ್ಲಿ ಅಂತ ಕೇಳ್ತಾನೇ ಇದ್ದಮ್ಮಾ."

ಅವಳು ಅಳಲಿಲ್ಲ. ಆದರೆ ಅವತ್ತಿನಿಂದ ಆ ಕೊನೆಯ ಬಸ್ಸು ಕಂಡಾಗಲೆಲ್ಲ ಬೈಯುತ್ತಿದ್ದಳು, ಡ್ರೈವರ್ ಯಾರೇ ಇರಲಿ.

ಆಮೇಲೆ ಏಪ್ರನ್ ಕಟ್ಟಿದಳು. ಕಿತ್ತಳೆ ಮಾರ್ಮಲೇಡ್ ಕಾಯಿಸಿ ಮಾರಿದಳು, ಚರ್ಚಿನ ಹಾಲಿನಲ್ಲಿ ಹಳೇ ಬಟ್ಟೆ ಮಾರಿದಳು, ಪಬ್ಬಿನಲ್ಲಿ ಕುಡಿದವರ ಮುಂದೆ ಚಂದಾ ಡಬ್ಬಿ ಅಲ್ಲಾಡಿಸಿದಳು. ಇಷ್ಟೆಲ್ಲ ಒಂದು ಕುರ್ಚಿಗಾಗಿ. ಎಳೆದರೆ ಹಾಸಿಗೆಯಾಗುವ, ಅಡಿಯಲ್ಲಿ ಚಕ್ರವಿರುವ, ಮೆತ್ತನೆಯ ಕುರ್ಚಿ. ಬೆನ್ನಿಗೆ ಹಿತ್ತಾಳೆಯ ಫಲಕ ಹೊಡೆಸಿದಳು: "ಕ್ಲಿಫರ್ಡ್ ಆರ್ಮರಾಡ್ ನೆನಪಿಗೆ. ಇದರಲ್ಲಿ ಕೂತವರನ್ನು ಏಳಿಸಬೇಡಿ."

ಕುರ್ಚಿ ವಾರ್ಡಿಗೆ ಹೋಯಿತು. ಆಸ್ಪತ್ರೆಯವರು ಫೋಟೋ ಹಿಡಿದರು, ಚಪ್ಪಾಳೆ ತಟ್ಟಿದರು.

ಕಳೆದ ಚಳಿಗಾಲದಲ್ಲಿ ಅದೇ ವಾರ್ಡಿನಲ್ಲಿ ಐವಿ ಹೋರಾಕ್ಸ್ ಎನ್ನುವಾಕೆ ಇವತ್ತೋ ನಾಳೆಯೋ ಎನ್ನುವಂತಿದ್ದಳು. ಗಂಡ ಲೆನ್ ಒಂದು ಕಾಲದಲ್ಲಿ ಮನೆಗಳಿಗೆ ಹೆಂಚಿನ ಮಾಡು ಹಾಕುತ್ತಿದ್ದವನು. ಮಾಡಿನಿಂದ ಬಿದ್ದು ಬೆನ್ನು ಮುರಿದುಕೊಂಡವನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಅರ್ಧ ಕೂತು ಅರ್ಧ ನಿಂತು ಹಲ್ಲು ಕಚ್ಚುತ್ತಿದ್ದ. ನಾವು ಗಾಡಿ ತಳ್ಳಿಕೊಂಡು ಹೋದಾಗ ಕೋಟು ಹಾಕಿಕೊಳ್ಳುತ್ತಿದ್ದ.

"ಎಲ್ಲಿಗಪ್ಪಾ ಹೊರಟೆ?" ಎಂದಳು ವಿನ್ನಿ.

"ಬೆನ್ನು ತಡೀತಿಲ್ಲಮ್ಮ. ಮನೇಲಿ ಸ್ವಲ್ಪ ಮಲಗಿ ಬಸ್ಸಲ್ಲಿ ಬೆಳಿಗ್ಗೆ ಬರ್ತೀನಿ. ಅಷ್ಟರಲ್ಲಿ ಏನೂ ಆಗಲ್ಲ, ಅಲ್ವಾ?"

ವಿನ್ನಿ ಕೈಯಲ್ಲಿದ್ದ ಟೀ ಕಪ್ಪನ್ನು ಗಾಡಿಯ ಮೇಲಿಟ್ಟಳು. "ಕೋಟು ಬಿಚ್ಚು," ಎಂದಳು. "ನನ್ನ ಕುರ್ಚಿ ಎಲ್ರೀ?" ಎಂದು ನರ್ಸ್ ಹುಡುಗಿಯನ್ನು ಕೇಳಿದಳು.

"ತೊಳೆಯೋಕೆ ಅಂತ ತಗೊಂಡ್ ಹೋದ್ರು, ವಾಪಸ್ ಬರ್ಲಿಲ್ಲ. ಮೇಲಿನ ಆಫೀಸಲ್ಲಿದೆ ಅಂತಾರೆ," ಎಂದಿತು ಆ ಹುಡುಗಿ ನೆಲ ನೋಡುತ್ತ.

ಮೇಲಿನ ಆಫೀಸು ಎಂದರೆ ಟ್ವೀಡೇಲ್ ಸಾಹೇಬರದು. ರೋಗಿಗಳ ಅನುಭವ ವಿಭಾಗದ ಮುಖ್ಯಸ್ಥರಂತೆ. ಅವರು ಯಾವ ರೋಗಿಯ ಹತ್ತಿರ ಹೋಗಿ ಯಾವ ಅನುಭವ ಪಡೆದರೋ ದೇವರಿಗೇ ಗೊತ್ತು, ನಾನಂತೂ ವಾರ್ಡಿನಲ್ಲಿ ಅವರ ನೆರಳನ್ನೂ ಕಂಡಿಲ್ಲ. ವಿನ್ನಿ ಬಾಗಿಲು ತಟ್ಟದೆ ನುಗ್ಗಿದಳು, ಹಿಂದೆಯೇ ನಾನು. ಕುರ್ಚಿ ಅಲ್ಲೇ ಇತ್ತು. ಫಲಕ ಕಾಣದ ಹಾಗೆ ಬೆನ್ನಿಗೊಂದು ಕುಶನ್ ಆನಿಸಿದ್ದರು.

"ಓಹೋ, ಬನ್ನಿ ಬನ್ನಿ," ಎಂದರು ಸಾಹೇಬರು, ಬೆಣ್ಣೆ ಹಚ್ಚಿದ ದನಿಯಲ್ಲಿ. "ದೂರು ಹೇಳೋಕೆ ಬರೋ ಮನೆಯವರು ಆರಾಮಾಗಿ ಕೂರ್ಲಿ ಅಂತ ಇಲ್ಲಿ ಇಟ್ಕೊಂಡಿದೀವಿ. ಒಳ್ಳೇ ಕೆಲ್ಸಕ್ಕೇ ಬಳಕೆ ಆಗ್ತಿದೆ."

"ಅದು ವಾರ್ಡಲ್ಲಿದ್ದಿದ್ರೆ ಅವರು ದೂರು ಹೇಳೋಕೆ ಬರ್ತಾನೇ ಇರ್ಲಿಲ್ವಲ್ರೀ!"

"ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ. ಮುಂದಿನ ಸಭೆಯಲ್ಲಿ ಮಾತಾಡೋಣ. ಎಲ್ಲಾದಕ್ಕೂ ಒಂದು ಪದ್ಧತಿ ಅಂತ ಇರುತ್ತೆ. ಮೊದಲು ಕೂತ್ಕೊಳ್ಳಿ, ಕೂತು ಮಾತಾಡೋಣ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ. ಕೆಳಗೆ ಒಬ್ಬಳು ಕೊನೆಯುಸಿರು ಎಳೆಯುತ್ತಿದ್ದಾಳೆ, ಇವರಿಗೆ ಮುಂದಿನ ಸಭೆ! ನನ್ನ ಮೈಯೆಲ್ಲ ಉರಿಯಿತು. ಆ ಮುಖಕ್ಕೆ ಬಿಸಿ ಟೀ ಎರಚಬೇಕು ಅನ್ನಿಸಿತು, ಪುಣ್ಯಕ್ಕೆ ಟೀ ಗಾಡಿಯಲ್ಲೇ ಉಳಿದಿತ್ತು.

ವಿನ್ನಿ ಕುಶನ್ ಕಿತ್ತು ಅವರ ಮೇಜಿನ ಮೇಲೆ ಎಸೆದಳು. "ಓದ್ರೀ ಏನ್ ಬರ್ದಿದೆ ಅಂತ," ಎಂದಳು. ಸಾಹೇಬರು ಓದಿದರು. ಬಳಿಕ ಅವಳು ಕುರ್ಚಿಯಲ್ಲಿ ಕೂತು, ಏಪ್ರನ್ ಸರಿಮಾಡಿಕೊಂಡಳು.

"ಕೂತೆ. ಈಗ ಏಳ್ಸಿ ನೋಡೋಣ."

ಸಾಹೇಬರು ಕೆಂಪಗಾದರು. ಅಷ್ಟರಲ್ಲಿ ಕೂಗಾಟ ಕೇಳಿ ವಾರ್ಡ್‌ಬಾಯ್ ಇಮ್ರಾನ್ ಬಾಗಿಲಲ್ಲಿ ತಲೆ ಹಾಕಿದ. ಅವನ ತಾಯಿ ತೀರಿಕೊಂಡದ್ದೂ ಇಲ್ಲೇ, ಆ ಕುರ್ಚಿಯಲ್ಲಿ ಅವನೂ ಮಲಗಿದ್ದ. "ಇಮ್ರಾನ್, ಇವರನ್ನ ಹೊರಗೆ ಕರ್ಕೊಂಡ್ ಹೋಗಪ್ಪಾ," ಎಂದರು ಸಾಹೇಬರು.

"ಆಯ್ತು ಸರ್," ಎಂದ ಇಮ್ರಾನ್. ಕುರ್ಚಿಯ ಬ್ರೇಕು ತೆಗೆದ. "ಗಟ್ಟಿಯಾಗಿ ಹಿಡ್ಕೊಳ್ಳಿ ಆಂಟಿ."

ಉದ್ದ ಕಾರಿಡಾರಿನಲ್ಲಿ ವಿನ್ನಿಯ ಸವಾರಿ ಹೊರಟಿತು. ಹಿಂದಿನಿಂದ ಇಮ್ರಾನ್ ತಳ್ಳುತ್ತಿದ್ದ, ಬಾಗಿಲುಗಳನ್ನು ತೆರೆಯುತ್ತ ನಾನು ಮುಂದೆ ಓಡಿದೆ. ಟ್ವೀಡೇಲ್ ಸಾಹೇಬರು ಲಿಫ್ಟಿನ ತನಕ ಪದ್ಧತಿ, ಪದ್ಧತಿ ಎನ್ನುತ್ತ ಬಂದು ನಿಂತರು. ನಗು ಬರುವಂಥ ಮೆರವಣಿಗೆಯೇ, ಆದರೆ ವಿನ್ನಿಯ ಮುಖ ನೋಡಿದ ಯಾರೂ ನಗಲಿಲ್ಲ. ಐವಿಯ ಹಾಸಿಗೆಯ ಪಕ್ಕ ಕುರ್ಚಿ ನಿಂತ ಮೇಲೆ ವಿನ್ನಿ ತಾನೇ ಎದ್ದು ಲೆನ್‌ನ ತೋಳು ಹಿಡಿದು ಕೂರಿಸಿದಳು.

"ಯಾವಾಗ ಏಳ್ಬೇಕು?" ಎಂದು ಕೇಳಿದ ಅವನು, ಹೆದರಿಕೊಂಡೇ.

"ಏಳ್ಬೇಡ," ಎಂದಳು.

ವಾರ ಕಳೆದು ಲೆನ್ ಟೀ ಅಂಗಡಿಗೆ ಬಂದ, ಐವಿಯನ್ನು ಮಣ್ಣು ಮಾಡಿ, ಕಪ್ಪು ಟೈ ಕಟ್ಟಿಕೊಂಡು. "ನಾನು ಹತ್ರಾನೇ ಇದ್ದೆ," ಎಂದ. "ಲೆನ್ ಅಂತ ಕರೆದ್ಲು. ಇದೀನಿ ಕಣೇ ಅಂದೆ. ಅಷ್ಟೇ." ವಿನ್ನಿ ಅವನ ಟೀಗೆ ಸಕ್ಕರೆ ಹಾಕಿ ಎಷ್ಟೋ ಹೊತ್ತು ಕದಡುತ್ತಲೇ ಇದ್ದಳು.

ಅವನ ಎದುರಿಗೇ ಸಾಹೇಬರು ಬಂದು ಅವಳ ಬ್ಯಾಡ್ಜ್ ಕೇಳಿದರು. ನಡವಳಿಕೆ ಸರಿಯಿಲ್ಲವಂತೆ. ವಿನ್ನಿ ಬ್ಯಾಡ್ಜ್ ಬಿಚ್ಚಿ ಕೊಟ್ಟಳು. "ಬೇಜಾರ್ ಮಾಡ್ಕೋಬೇಡಿ, ಒಂದ್ನಿಮಿಷ ಕೂತ್ಕೊಳ್ಳಿ," ಎಂದರು ಆ ಮಹಾನುಭಾವರು.

"ನಾನು ಕೂತ್ರೆ ಏನಾಗುತ್ತೆ ಅಂತ ನಿಮಗ್ಗೊತ್ತಲ್ಲ," ಎಂದಳು.

ಸಂಜೆ ನೋಡುವ ಹೊತ್ತಿಗೆ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಒಳಗೆ ಬಂದಳು. ಸೀದಾ ವಾರ್ಡಿಗೆ ನಡೆದಳು. ಕುರ್ಚಿಯಲ್ಲಿ ಯಾರೋ ಒಬ್ಬ ಹೆಂಗಸು ತನ್ನ ಅಪ್ಪನ ಕೈ ಹಿಡಿದುಕೊಂಡು ನಿದ್ದೆ ಹೋಗಿದ್ದಳು. ಅಷ್ಟು ನೋಡಿ ವಿನ್ನಿ ಹೊರಗೆ ಬಂದಳು. ಕೊನೆಯ ಬಸ್ಸು ಬಂತು. ಅವಳು ಬೈಯಲಿಲ್ಲ, ಡ್ರೈವರಿಗೆ ನಮಸ್ಕಾರ ಹೇಳಿ ಹತ್ತಿದಳು.

ಅವಳ ಸಿಟ್ಟು ಇಳಿದಿದೆ. ನನ್ನದು ಇಳಿದಿಲ್ಲ. ಸಾಯುವ ಹೆಂಡತಿಯ ಪಕ್ಕ ಗಂಡ ಕೂರಲಿ ಎಂದದ್ದಕ್ಕೆ ಒಬ್ಬ ಮುದುಕಿಯ ಬ್ಯಾಡ್ಜ್ ಕಿತ್ತುಕೊಂಡ ಊರಿದು. ದಿನಾ ಸಂಜೆ ಈಗ ನಾನೂ ಅವಳ ಜೊತೆ ಸಾಲಿನಲ್ಲಿ ನಿಂತು, ಆ ಕುರ್ಚಿ ನೋಡಿಕೊಂಡು ಬರುತ್ತೇನೆ.