ತುಕ್ಕಿನ ಡ್ರಮ್ಮಿಗೆ ಸ್ನಾನದ ನೀರು

“ಅಕ್ಕ, ನೀವು ಒಳಗೆ ಹೋಗಿ ಮಾರಾಯ್ರೆ, ಇದು ಗಂಡಸರ ಕೆಲಸ” ಎಂದು ಮಂಗಳೂರಿನ ಮೆಕ್ಯಾನಿಕ್ ಮತ್ತೆ ಸುತ್ತಿಗೆ ಎತ್ತಿದ. ಐವತ್ತರ ದಶಕದ ಮಾತು. ಮುಂಬಯಿಯ ಪರೇಲ್‌ನ ನಮ್ಮ ಚಾಳಿನ ಮುಂದೆ ಮಳೆಗಾಲವಿಡೀ ನಿಂತಿದ್ದ ನನ್ನ ಗಂಡನ ಟ್ಯಾಕ್ಸಿಯ ಗಾಲಿಯೊಳಗಿನ ಬ್ರೇಕ್ ಡ್ರಮ್ ತುಕ್ಕು ಹಿಡಿದು ಅಚ್ಚಿಗೆ ಕಚ್ಚಿಕೊಂಡು, ಜಪ್ಪಯ್ಯ ಎಂದರೂ ಅಲುಗುತ್ತಿರಲಿಲ್ಲ. ಇನ್ನೆರಡು ಏಟು ಬಿದ್ದರೆ ಅದು ಒಡೆದೇ ಹೋಗುತ್ತಿತ್ತು.

ಧಾರವಾಡದ ಕಮ್ಮಾರನ ಮಗಳಾದ ನನಗೆ ತಡೆಯಲಾಗಲಿಲ್ಲ. “ನಮ್ಮಪ್ಪ ಚಕ್ಕಡಿ ಗಾಲಿಗೆ ಕಬ್ಬಿಣದ ಹಳಿ ಕಾಸೇ ಹಾಕ್ತಿದ್ದ. ಕಾದ್ರ ಕಬ್ಬಿಣ ಹಿಗ್ಗತೈತಿ. ಸರೀರಿ ಬಾಜೂಕ” ಎಂದವಳೇ ಸ್ನಾನದ ನೀರು ಕಾಸುವ ತಾಮ್ರದ ಬಂಬಿನಲ್ಲಿ ಕುದಿಯುತ್ತಿದ್ದ ನೀರನ್ನೆಲ್ಲ ತಂದು ಡ್ರಮ್ಮಿನ ಮೇಲೆ ಸುರಿದೆ. ಆತ ನಗುತ್ತಲೇ ಒಮ್ಮೆ ತಟ್ಟಿದ. ಡ್ರಮ್ ಕಳಚಿ ಅವನ ಕೈಗೇ ಬಂತು, ನಗು ನಿಂತಿತು.

ಅಂದು ಮನೆಮಂದಿಗೆಲ್ಲ ತಣ್ಣೀರೇ ಗತಿಯಾಯಿತು. ‘ಒಳಗೆ ಹೋಗಿ’ ಎಂದು ಯಾರೋ ಹೇಳಿದರೆಂದು ನಾನು ಮಾತ್ರ ಆಮೇಲೆ ಒಮ್ಮೆಯೂ ಒಳಗೆ ಹೋದವಳಲ್ಲ.